ಪ್ರಶ್ನೆಯ ಚಾರ್ತಿನಲ್ಲಿ ನಾನು ಬರೆದ ಸುಳ್ಳು

ಶೈಲಾ, ನಿನ್ನ ಮದ್ದು ನಿಲ್ಲಿಸಬೇಕೆಂದು ದೈವ ಹೇಳಲಿಲ್ಲ. ಕವಡೆ ಹಾಕಿ ಪ್ರಶ್ನೆ ಇಟ್ಟ ಜ್ಯೋತಿಷಿಯೂ ಹೇಳಲಿಲ್ಲ. ಹೇಳಿದವನು ನಾನು — ಹೇಳಿದ್ದೂ ಅಲ್ಲ, ಬರೆದದ್ದು. ಹದಿನೇಳು ವರ್ಷಗಳ ಹಿಂದೆ ಕೊಲ್ಲಮೊಗ್ರಿನ ನಿಮ್ಮ ಮನೆಯ ಚಾವಡಿಯಲ್ಲಿ, ಜ್ಯೋತಿಷಿ ಮಲಯಾಳದಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿ ಚಾರ್ತು ಬರೆಯುವ ಕೆಲಸ ನನಗೆ ಬಿದ್ದಿತ್ತು. ಪ್ರಶ್ನೆಯಲ್ಲಿ ಕಂಡ ದೋಷಗಳು, ಅವಕ್ಕೆ ಮನೆಯವರು ಮಾಡಬೇಕಾದ ಪರಿಹಾರಗಳು — ಒಂದೊಂದಕ್ಕೂ ನಂಬ್ರ ಹಾಕಿ ಬರೆದು, ಕೊನೆಗೆ ಜ್ಯೋತಿಷಿಯ ಸಹಿ ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದೀರಲ್ಲ, ಆ ಕಾಗದ. ಅದರಲ್ಲಿ ಹನ್ನೊಂದನೆಯದು ನನ್ನದು. ಪೂರ್ತಿ ನನ್ನದು.

ನೀನು ಅದನ್ನು ಬಾಯಿಪಾಠ ಮಾಡಿಕೊಂಡಿದ್ದೀ. ಪ್ರತಿ ವರ್ಷ ವೃಶ್ಚಿಕ ಸಂಕ್ರಮಣದಿಂದ ನಲವತ್ತೆಂಟು ದಿನ ಕನ್ಯೆಗೆ ಔಷಧ ವರ್ಜ್ಯ; ಕೊನೆಯ ಹನ್ನೆರಡು ದಿನ ಯಜಮಾನನು ತನ್ನ ಕೈಯಿಂದಲೇ ಅವಳ ತಲೆಯ ಮೇಲೆ ನೂರೆಂಟು ಕೊಡ ತಣ್ಣೀರು ಹೊಯ್ಯತಕ್ಕದ್ದು. ಅಕ್ಷರ ಎಷ್ಟು ಚಂದ ಎಂದು ಅಂದು ಎಲ್ಲರೂ ಹೊಗಳಿದರು. ರಾಮಕುಂಜದಲ್ಲಿ ಮಕ್ಕಳಿಗೆ ಕಾಪಿ ಬರೆಸುತ್ತಿದ್ದ ಮಾಷ್ಟ್ರನ ಅಕ್ಷರ, ಚಂದ ಇರದೆ ಏನು?

ಯಾಕೆ ಬರೆದೆ ಎಂದು ಕೇಳುತ್ತೀ. ನಿನ್ನ ಅಪ್ಪನಿಗಾಗಿ ಬರೆದೆ. ನನ್ನ ದೊಡ್ಡಪ್ಪನಿಗಾಗಿ. ನಿನ್ನ ಮೇಲೆ ನನಗೆ ಏನೂ ಇರಲಿಲ್ಲ — ಇದನ್ನು ಹೇಳಿದರೆ ನಿನಗೆ ಸಮಾಧಾನ ಆಗುವುದಿಲ್ಲ, ಉಲ್ಟಾ ಇನ್ನಷ್ಟು ಸಿಟ್ಟು ಬಂದೀತು. ಬರಲಿ. ಆ ಮನುಷ್ಯನನ್ನು ಎಲ್ಲಿ ಹೊಡೆದರೆ ನೋಯುತ್ತದೆ ಎಂದು ಹುಡುಕುತ್ತಿದ್ದವನಿಗೆ ನೀನು ಸಿಕ್ಕಿದ್ದು, ಅಷ್ಟೆ.

ನನ್ನ ಅಮ್ಮನನ್ನು ನೀನು ನೋಡಿಲ್ಲ. ನೀನು ಹುಟ್ಟುವ ಮೊದಲೇ ಹೋದಳು. ಅವಳ ತವರು ಕಾಸರಗೋಡಿನಿಂದ ಆಚೆ, ಹೊಳೆಯ ತೆಂಕು ಬದಿ. ಕಲಿತದ್ದು ಮಲಯಾಳ ಶಾಲೆಯಲ್ಲಿ, ಗೆಳತಿಯರೆಲ್ಲ ಮಲಯಾಳದವರು. ನನಗೆ ಆ ಭಾಷೆ ಬರುವುದು ಅವಳಿಂದಲೇ. ಆಗ ನಾವೂ ಕೊಲ್ಲಮೊಗ್ರಿನ ನಿಮ್ಮ ಮನೆಯಲ್ಲೇ ಇದ್ದದ್ದು; ಅಪ್ಪ ತೀರಿಕೊಂಡ ಮರುವರ್ಷ ಅವಳು ಮಾತು ಕಡಿಮೆ ಮಾಡಿದಳು. ಆಮೇಲೆ ಅಡಿಗೆ ಬಿಟ್ಟಳು, ಸ್ನಾನ ಬಿಟ್ಟಳು. ಕೊನೆಗೆ ಕನ್ನಡವನ್ನೇ ಬಿಟ್ಟಳು. ಒಬ್ಬಳೇ ಮೂಲೆಯಲ್ಲಿ ಕುಳಿತು ಮಲಯಾಳದಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಯಾರೊಂದಿಗೆ ಎಂದು ನನಗೆ ಗೊತ್ತಿತ್ತು. ಶಾಲೆಗೆ ಜೊತೆಯಾಗಿ ಹೋಗುತ್ತಿದ್ದ ನಾರಾಯಣಿ ಎಂಬ ಹುಡುಗಿಯೊಂದಿಗೆ. ಮಳೆ ಬಂದಿದೆ, ಹೊಳೆ ದಾಟುವುದು ಹೇಗೆ, ಪುಸ್ತಕ ಒದ್ದೆಯಾಯಿತಲ್ಲ — ಇಂಥವೇ ಮಾತುಗಳು. ಮನೆಯಲ್ಲಿ ಅದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಲಯಾಳ ಎಂದು ಮಾತ್ರ ತಿಳಿಯಿತು, ಅಷ್ಟು ಸಾಕಾಯಿತು. ಮಲಯಾಳದ ಭೂತ ಬೆನ್ನು ಹಿಡಿದು ಬಂದಿದೆ ಎಂದು ದೊಡ್ಡಪ್ಪ ತೀರ್ಮಾನ ಮಾಡಿದರು. ನಾನು ಆಗ ಹತ್ತೊಂಬತ್ತು ವರ್ಷದವನು, ಶಿಕ್ಷಕರ ತರಬೇತಿಗೆ ಹೋಗುತ್ತಿದ್ದವನು. ಅದು ಭೂತ ಅಲ್ಲ, ಅಮ್ಮ ನಾರಾಯಣಿಯೊಂದಿಗೆ ಮಾತಾಡುವುದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ — ದೊಡ್ಡಪ್ಪನ ಎದುರು ಬಾಯಿ ತೆರೆದ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಪುತ್ತೂರಿನ ಡಾಕ್ಟರೊಬ್ಬರು ಅಂದೇ ಹೇಳಿದ್ದರು, ಮಂಗಳೂರಿಗೆ ಕರೆದುಕೊಂಡು ಹೋಗಿ, ಮದ್ದು ಉಂಟು ಎಂದು. ದೊಡ್ಡಪ್ಪ ಒಪ್ಪಲಿಲ್ಲ. ಹುಚ್ಚಾಸ್ಪತ್ರೆಯ ಮೆಟ್ಟಿಲು ಹತ್ತಿದ ಹೆಂಗಸು ಇರುವ ಮನೆಗೆ ನಾಳೆ ಹೆಣ್ಣು ಕೊಡುವವರು ಯಾರು, ತರುವವರು ಯಾರು ಎಂದರು. ಮೊದಲು ಮಂತ್ರಿಸಿದ ನೂಲು ಕಟ್ಟಿಸಿದರು. ಆಮೇಲೆ ನೆತ್ತಿ ಬೋಳಿಸಿ ನೆಲ್ಲಿಕಾಯಿ ಅರೆದು ಹಚ್ಚಿದರು. ಅದೂ ಆಗದಿದ್ದಾಗ ನೂರೆಂಟು ಕೊಡ. ಧನು ತಿಂಗಳ ಚಳಿಯಲ್ಲಿ ಬೆಳಗ್ಗೆ, ಬಾವಿಕಟ್ಟೆಯ ಹತ್ತಿರ ಮಣೆ ಹಾಕಿ ಕೂರಿಸಿ, ಇಬ್ಬರು ಹೆಂಗಸರು ಹಿಡಿದುಕೊಂಡು. ದೊಡ್ಡಪ್ಪ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಲೆಕ್ಕ ಹೇಳುತ್ತಿದ್ದರು. ಅವರ ಸ್ವರ ಒಂದು ದಿನವೂ ನಡುಗಲಿಲ್ಲ. ಅಮ್ಮ ನನ್ನ ಕಡೆ ನೋಡಿ ಹೇಳಿದ್ದು ಎರಡೇ ಶಬ್ದ — "ಮೋನೇ, ಮದಿ." ಮಗನೇ, ಸಾಕು. ಭೂತ ಕೂಗುತ್ತದೆ, ಬಿಡುವ ಲಕ್ಷಣ ಎಂದು ದೊಡ್ಡಪ್ಪ ಸಂತೋಷಪಟ್ಟರು.

ಎಂಟನೆಯ ದಿನ ಜ್ವರ ಬಂತು. ಹನ್ನೆರಡು ದಿನ ಮುಗಿಸಲೇಬೇಕೆಂದು ಮುಗಿಸಿದರು. ಹದಿನೈದನೆಯ ದಿನ ಅವಳು ಇರಲಿಲ್ಲ.

ಆ ಮನುಷ್ಯನಿಗೆ ಇದನ್ನು ತೀರಿಸದೆ ಬಿಡುವುದಿಲ್ಲ ಎಂದು ನಾನು ಅಂದೇ ಅಂದುಕೊಂಡೆ. ಮೂವತ್ತು ವರ್ಷ ಅಂದುಕೊಂಡೇ ಇದ್ದೆ. ಸಿಕ್ಕಿದಾಗ ಕಾಲಿಗೆ ಬಿದ್ದು, ಅವರು ಕೊಟ್ಟ ಎಲೆ ಅಡಿಕೆ ತೆಗೆದುಕೊಂಡು, ಒಳಗೆ ಮಾತ್ರ ಕತ್ತಿ ಮಸೆಯುತ್ತಿದ್ದೆ. ಇಂಥ ಹಗೆ ಸುಲಭ, ಶೈಲಾ. ಊಟ ತಪ್ಪುವುದಿಲ್ಲ, ನಿದ್ದೆ ತಪ್ಪುವುದಿಲ್ಲ. ಊರಿನಲ್ಲಿ ಒಳ್ಳೆಯ ಮಾಷ್ಟ್ರು ಎಂಬ ಹೆಸರೂ ಬರುತ್ತದೆ.

ಹಾಗೇ ಸತ್ತುಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನಿನಗೆ ಕಾಯಿಲೆ ಬಂತು.

ನೀನು ಆಗ ಸುಳ್ಯದ ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಇಪ್ಪತ್ತಾರು ವರ್ಷ. ಮೂರು ರಾತ್ರಿ ನಿದ್ದೆ ಮಾಡದೆ, ಯಾರೋ ಕರೆಯುತ್ತಾರೆ ಎಂದು ಗೇಟಿಗೆ ಓಡುತ್ತಿದ್ದೀ ಎಂಬ ಸುದ್ದಿ ನನಗೆ ರಾಮಕುಂಜಕ್ಕೆ ಬಂತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಕನಿಕರ ಅಲ್ಲ. ಈಗ ನೋಡೋಣ ದೊಡ್ಡಪ್ಪ, ಬಾವಿಕಟ್ಟೆಗೆ ಮಣೆ ಹಾಕುತ್ತೀರೋ ಇಲ್ಲವೋ ಎಂಬ ಕುತೂಹಲ. ಬಸ್ಸು ಹಿಡಿದು ಬಂದೆ. ಮಣೆ ಹಾಕಿರಲಿಲ್ಲ. ಮರುದಿನವೇ ಜೀಪು ಮಾಡಿ ನಿನ್ನನ್ನು ಪುತ್ತೂರಿನ ಮಾನಸಿಕ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಎರಡು ತಿಂಗಳಲ್ಲಿ ನೀನು ಮೊದಲಿನಂತಾದೆ. ನಾನು ಮತ್ತೆ ಬಂದಾಗ ನಗುತ್ತಾ ನನಗೆ ಕಾಫಿ ತಂದುಕೊಟ್ಟೆ. ಆಗ ನಿನ್ನ ಅಪ್ಪ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದರು.

"ಇದೆಲ್ಲ ಈಗ ಕಾಯಿಲೆ ಅಂತ ಗೊತ್ತಾಗಿದೆ ಮಾರಾಯ. ಶುಗರ್ ಇದ್ದ ಹಾಗೆ. ಮಾತ್ರೆ ತಗೊಂಡ್ರೆ ಆಯ್ತು, ಹೆದರುದು ಎಂತ ಉಂಟು?"

ಎಷ್ಟು ಸರಿಯಾದ ಮಾತು. ಊರೆಲ್ಲ ಕೇಳಬೇಕಾದ ಮಾತು. ನಾನು ಶಾಲೆಯಲ್ಲಿ ಪಾಠ ಮಾಡಬಹುದಾದ ಮಾತು. ಅದನ್ನು ಕೇಳಿ ನನ್ನ ಮೈ ಉರಿದುಹೋಯಿತು. ಗೊತ್ತಾಗಿದೆಯಂತೆ! ಯಾರಿಗೆ ಗೊತ್ತಾಗಿದೆ? ಯಾವಾಗ ಗೊತ್ತಾಯಿತು? ಹಾಗಾದರೆ ನನ್ನ ಅಮ್ಮ — ಅವಳದ್ದು ಎಂತ? ಅವಳಿಗೆ ಕೊಡ, ನಿನಗೆ ಡಾಕ್ಟರು. ಅವಳ ಹೆಸರನ್ನಾದರೂ ಎತ್ತುತ್ತಾರೋ ಎಂದು ಕಾದೆ. ಎತ್ತಲಿಲ್ಲ. ಕಾಲ ಬದಲಾಯಿತು, ಹುಚ್ಚು ಹೋಗಿ ಕಾಯಿಲೆ ಬಂತು, ಅವರು ಹೊಸ ಶಬ್ದ ಕಲಿತರು. ಹಳೆಯ ಶಬ್ದದ ಕೆಳಗೆ ಸತ್ತವಳೊಬ್ಬಳು ಇದ್ದಾಳೆಂಬುದೇ ಮರೆತಿತ್ತು ಅವರಿಗೆ.

ಆ ವರ್ಷವೇ ನಿಮ್ಮ ಮನೆಯಲ್ಲಿ ಪ್ರಶ್ನೆ ಇಟ್ಟದ್ದು. ನಿನಗಾಗಿ ಮಾತ್ರ ಅಲ್ಲ, ನಿನ್ನ ಅಣ್ಣನಿಗೆ ಮಕ್ಕಳಾಗಿರಲಿಲ್ಲ, ನಾಗನ ಕಟ್ಟೆಯ ವಿಷಯವೂ ಇತ್ತು. ಪಯ್ಯನ್ನೂರಿನ ಕಡೆಯಿಂದ ವಯಸ್ಸಾದ ಜ್ಯೋತಿಷಿಯೊಬ್ಬರನ್ನು ಕರೆಸಿದರು. ಅವರಿಗೆ ಕನ್ನಡ ಬಾರದು, ಓದಲಂತೂ ಬರುವುದೇ ಇಲ್ಲ. ಚಾರ್ತು ಬರೆಯಲು ಶಂಕರನೇ ಆಗಬೇಕು ಎಂದು ದೊಡ್ಡಪ್ಪ ಹೇಳಿ ಕಳಿಸಿದರು. ಮಲಯಾಳ ಬಲ್ಲವನು, ಮಾಷ್ಟ್ರು, ಮನೆಯವನೇ ಬೇರೆ.

ಮೂರನೆಯ ದಿನ, ಊಟ ಆಗಿ ಎಲ್ಲರೂ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ ನಿನ್ನ ವಿಷಯ ಬಂತು. ಜ್ಯೋತಿಷಿ ಕವಡೆ ಸರಿಸಿ, ಒಂದು ಶ್ಲೋಕ ಹೇಳಿದರು. ಅವರು ಹೇಳಿದ್ದನ್ನು ಹದಿನೇಳು ವರ್ಷದ ನಂತರ ಈಗ ನಿನಗೆ ಹೇಳುತ್ತಿದ್ದೇನೆ, ಒಂದು ಶಬ್ದವೂ ಬದಲಿಸದೆ. ಇದು ದೈವದ ಉಪದ್ರ ಅಲ್ಲ, ಮಗುವಿಗೆ ಬಂದದ್ದು ರೋಗ. ವೈದ್ಯರು ಕೊಟ್ಟ ಮದ್ದನ್ನು ಒಂದು ದಿನವೂ ತಪ್ಪಿಸಬಾರದು. ಮನೆಯವರು ಅವಳ ಎದುರು ಅಳಬಾರದು. ಅಷ್ಟೇ. ಅದು ಬಿಟ್ಟು ಅವರು ಏನೂ ಹೇಳಲಿಲ್ಲ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದೊಡ್ಡಪ್ಪ ಕೈಮುಗಿದು ಕುಳಿತಿದ್ದರು, ಹತ್ತು ವರ್ಷದ ಹುಡುಗನಂತೆ. ಆ ಮುಖ ನೋಡಿದಾಗ ನನಗೆ ಗೊತ್ತಾಯಿತು, ಈಗ ನಾನು ಏನು ಹೇಳಿದರೂ ಈ ಮನುಷ್ಯ ಮಾಡುತ್ತಾನೆ ಎಂದು. ಮೊದಲೇ ಯೋಚಿಸಿಟ್ಟದ್ದಲ್ಲ — ಅಲ್ಲ, ಇದೂ ಸುಳ್ಳು. ಮೂವತ್ತು ವರ್ಷ ಯೋಚಿಸಿಟ್ಟದ್ದೇ. ಹನ್ನೊಂದನೆಯ ಪರಿಹಾರವನ್ನು ಒಂದೂ ಚಿತ್ತಿಲ್ಲದೆ ಬರೆದು ಗಟ್ಟಿಯಾಗಿ ಓದಿದೆ. ಜ್ಯೋತಿಷಿ ಪಾಪ, ತಾವು ಹೇಳಿದ್ದೇ ಎಂದು ತಲೆಯಾಡಿಸಿ ಸಹಿ ಹಾಕಿದರು.

ಅದನ್ನು ಹಿಡಿದವನು ಒಬ್ಬನಿದ್ದ. ಜ್ಯೋತಿಷಿಯನ್ನು ಕರೆತಂದ ಜೀಪಿನ ಡ್ರೈವರು, ಉಪ್ಪಿನಂಗಡಿಯ ಹಮೀದ್. ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವನು; ಅದು ಮಲಯಾಳಕ್ಕೆ ಹತ್ತಿರವಲ್ಲವೇ. ಜಗಲಿಯ ಕೆಳಗೆ ನಿಂತಿದ್ದವನು ಎಲ್ಲ ಕೇಳಿಸಿಕೊಂಡಿದ್ದ. ಸಂಜೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಮಾಷ್ಟ್ರೇ, ಅವ್ರು ಮದ್ದು ಬಿಡ್ಬಾರ್ದು ಅಂತಲ್ವಾ ಹೇಳಿದ್ದು?"

ನಿಮಗೆ ಶ್ಲೋಕದ ಅರ್ಥ ಆಗುವುದಿಲ್ಲ, ನಮ್ಮ ವಿಷಯಕ್ಕೆ ಬರಬೇಡಿ ಎಂದು ಗದರಿಸಿದೆ. ಅವನು ಹೋಗಿ ಜೀಪು ಹತ್ತಿದ. ಆಮೇಲೆ ಉಪ್ಪಿನಂಗಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡಾಗಲೆಲ್ಲ ನಮಸ್ಕಾರ ಮಾಡದೆ ಮುಖ ತಿರುಗಿಸುತ್ತಿದ್ದ. ಈ ಲೋಕದಲ್ಲಿ ನನ್ನ ನಿಜವಾದ ಮುಖ ನೋಡಿದವನು ಅವನೊಬ್ಬನೇ.

ಡಾಕ್ಟರಿಗೆ ಹೇಳದೆಯೇ ಮದ್ದು ನಿಲ್ಲಿಸಿದರು. ಇಪ್ಪತ್ತನೆಯ ದಿನಕ್ಕೆ ನಿನ್ನ ನಿದ್ದೆ ಹೋಯಿತು. ಮೂವತ್ತನೆಯ ದಿನ ಸೊಸೈಟಿಯಲ್ಲಿ ಕುರ್ಚಿ ಎತ್ತಿ ಬಿಸಾಡಿದೆ. ಕೆಲಸ ಹೋಯಿತು, ಹೆಚ್ಚುಕಡಿಮೆ ಗಟ್ಟಿಯಾಗಿದ್ದ ಸಂಬಂಧವೂ ಹೋಯಿತು. ಹುಡುಗನ ಕಡೆಯವರು ಬಂದು ಏನೂ ಹೇಳದೆ ಜಾತಕ ವಾಪಸು ಕೇಳಿಕೊಂಡು ಹೋದರು. ನನಗೆ ಎಲ್ಲವೂ ತಿಳಿಯುತ್ತಿತ್ತು. ಮೂವತ್ತೇಳನೆಯ ದಿನಕ್ಕೆ ಸರಿಯಾಗಿ ರಜೆ ಹಾಕಿ ಬಂದೆ. ನಿನ್ನನ್ನು ನೋಡಲಿಕ್ಕಲ್ಲ. ನೀರು ಹೊಯ್ಯುವವನನ್ನು ನೋಡಲಿಕ್ಕೆ.

ಎಪ್ಪತ್ತಾರು ವರ್ಷದ ಮುದುಕ. ಕೊಡ ಎತ್ತುವಾಗ ಅರ್ಧ ನೀರು ಅವರ ಮೈಮೇಲೇ ಚೆಲ್ಲುತ್ತಿತ್ತು. ನಲವತ್ತರವರೆಗೆ ಹೇಗೋ ಎಣಿಸಿದರು, ಆಮೇಲೆ ಎಣಿಕೆ ತಪ್ಪಿತು. ಬಾವಿಕಟ್ಟೆಯ ಮೇಲೆ ಕುಸಿದು ಕುಳಿತು, ಎಲ್ಲರ ಎದುರು ಅತ್ತರು. ನಾನು ಜಗಲಿಯಲ್ಲಿ ನಿಂತಿದ್ದೆ, ಅವರು ಅಂದು ನಿಂತಿದ್ದಲ್ಲೇ. ನನ್ನ ಕಡೆ ತಿರುಗಿ, "ಶಂಕರ, ನಿನ್ನ ಅಮ್ಮನ ನೆನಪಾಗ್ತದೆ" ಎಂದರು.

ಮೂವತ್ತು ವರ್ಷ ಕಾದದ್ದು ಅದೊಂದು ಮಾತಿಗೆ. ಸಿಕ್ಕಿತು. ಅಲ್ಲಿಗೆ ಮುಗಿಸಬಹುದಿತ್ತು. ಒಂದು ಮಾತು ಹೇಳಿದ್ದರೆ ಆ ಕ್ಷಣವೇ ನಿನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ನೀನೂ ಅದನ್ನೇ ಕೇಳಿದೆ. ಹಲ್ಲು ಕಟಕಟ ಎನ್ನುತ್ತಿತ್ತು, ಕೂದಲು ಮುಖಕ್ಕೆ ಅಂಟಿತ್ತು.

"ಶಂಕರಣ್ಣ, ಸಾಕು ಅಂತ ನೀವು ಹೇಳಿ. ನೀವು ಹೇಳಿದ್ರೆ ಅಪ್ಪ ಕೇಳ್ತಾರೆ."

ನಾನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಆ ಸ್ಥಿತಿಯಲ್ಲಿ ನೆನಪಿರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಇಷ್ಟು ವರ್ಷ ಕಳೆದೆ. ನೆನಪಿಲ್ಲದಿದ್ದರೆ ಈಗ ತಿಳಿದುಕೋ.

"ಇನ್ನೂ ಅರುವತ್ತೆಂಟು ಉಂಟು ಶೈಲಾ" ಎಂದೆ.

ಅಂದು ಮಧ್ಯಾಹ್ನ ನಿಮ್ಮ ಮನೆಯಲ್ಲೇ ಕುಳಿತು ಹೊಟ್ಟೆ ತುಂಬ ಊಟ ಮಾಡಿದೆ. ಪಾಯಸ ಇರಲಿಲ್ಲ ಎಂಬುದೊಂದೇ ಕೊರತೆ ಎಂದುಕೊಂಡೆ. ಪಶ್ಚಾತ್ತಾಪ ಅಂದೇ ಶುರುವಾಯಿತು ಎಂದು ಬರೆದರೆ ನನಗೆ ಮರ್ಯಾದೆ, ಆದರೆ ಶುರುವಾಗಲಿಲ್ಲ. ಸುಖ ಪಟ್ಟೆ. ಇದನ್ನೇ ಮುಖ್ಯವಾಗಿ ಒಪ್ಪಿಕೊಳ್ಳಬೇಕಾದದ್ದು.

ಐದು ವರ್ಷ ಅವರು ನೀರು ಹೊಯ್ದರು, ಆಮೇಲೆ ತೀರಿಕೊಂಡರು. ಯಜಮಾನನ ಕೈಯಿಂದ ಎಂದು ಬರೆದಿದ್ದರಿಂದ ನೀರು ಅಲ್ಲಿಗೆ ನಿಂತಿತು. ನಿನ್ನ ಅಣ್ಣ ಅದಕ್ಕೆ ಕೈ ಹಾಕಲಿಲ್ಲ, ಪುಣ್ಯಾತ್ಮ. ಆದರೆ ಮದ್ದು ನಿಲ್ಲಿಸುವುದು ನಿಲ್ಲಲಿಲ್ಲ. ನೀನೇ ಹಟ ಹಿಡಿದು ನಡೆಸಿಕೊಂಡು ಬಂದೆ. ಹತ್ತು ತಿಂಗಳು ಒಳ್ಳೆಯದಿರುತ್ತೀ, ಬಟ್ಟೆ ಹೊಲಿಯುತ್ತೀ, ನಾಲ್ಕು ಹುಡುಗಿಯರಿಗೆ ಕಲಿಸುತ್ತೀ. ಧನು ತಿಂಗಳಿಗೆ ನಿನ್ನನ್ನು ಪುತ್ತೂರಿಗೆ ಹೊತ್ತುಕೊಂಡು ಹೋಗಬೇಕು. ಚಳಿಗಾಲಕ್ಕೇ ಯಾಕೆ ಹೀಗಾಗುತ್ತದೆ ಎಂದು ಡಾಕ್ಟರಿಗೆ ತಲೆಬುಡ ತಿಳಿಯದು. ಅವರಿಗೆ ನೀವು ಯಾರೂ ಹೇಳಿಲ್ಲ, ದೈವದ ವಿಷಯ ಡಾಕ್ಟರಿಗೆ ಯಾಕೆ ಎಂದು. ನನಗೆ ಗೊತ್ತಿತ್ತು. ಹಗೆ ತೀರಿಸಬೇಕಾದವನು ಬೂದಿಯಾಗಿ ಹನ್ನೆರಡು ವರ್ಷವಾಯಿತು. ಆಮೇಲೂ ಪ್ರತಿ ವರ್ಷ ಗೊತ್ತಿದ್ದೂ ಸುಮ್ಮನಿದ್ದೆ. ಇದಕ್ಕೆ ಅಮ್ಮನ ಹೆಸರು ಹೇಳಲಿಕ್ಕಾಗುವುದಿಲ್ಲ. ಇದು ಬರೀ ಹೆದರಿಕೆ. ಮಾಷ್ಟ್ರು ಎಂಬ ಹೆಸರು ಹೋಗುತ್ತದೆಂಬ ಹೆದರಿಕೆ.

ಪಿಂಚಣಿ ಆದ ಮೇಲೆ ಓದಲು ಶುರು ಮಾಡಿದೆ. ಹುಚ್ಚು ಎಂದು ಯಾರು ಯಾರನ್ನು ಕರೆದರು, ಕರೆದ ಮೇಲೆ ಏನು ಮಾಡಿದರು ಎಂದು. ತಿಳಿವಳಿಕೆಗಾಗಿ ಓದಿದ್ದಲ್ಲ, ದೊಡ್ಡಪ್ಪನ ಮೇಲೆ ಹೊರಿಸಲು ಇನ್ನೂ ಏನಾದರೂ ಸಿಗುತ್ತದೋ ಎಂದು. ಎಲ್ಲೋ ತಲೆಬುರುಡೆಗೆ ತೂತು ಕೊರೆದು ಒಳಗಿನದ್ದನ್ನು ಹೊರಗೆ ಬಿಡುತ್ತಿದ್ದರಂತೆ. ಕೆಟ್ಟ ರಕ್ತ ಎಂದು ನರ ಕೊಯ್ದು ಹರಿಸುತ್ತಿದ್ದರಂತೆ. ಮಾಟಗಾತಿ ಎಂದು ಸುಟ್ಟರು. ಗೋಡೆಗೆ ಸರಪಳಿಯಲ್ಲಿ ಕಟ್ಟಿ, ದುಡ್ಡು ತೆಗೆದುಕೊಂಡು ನೋಡಬಂದವರಿಗೆ ತೋರಿಸಿದರು. ಆಮೇಲೆ ದೊಡ್ಡ ದೊಡ್ಡ ಆಸ್ಪತ್ರೆ ಕಟ್ಟಿ, ಅಲ್ಲಿಯೂ ತಣ್ಣೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರಿಸಿದರು. ಮೆದುಳನ್ನೇ ಚುಚ್ಚಿ ಕಡಿದ ಡಾಕ್ಟರುಗಳಿಗೆ ಹಾರ ಹಾಕಿದರು. ನಮ್ಮಲ್ಲಿ ನೋಡು — ಭೂತಕೋಲದ ದಿನ ಅಂಗಳದಲ್ಲಿ ಮೈ ನಡುಗಿಸಿದವನಿಗೆ ಊರೇ ಕೈಮುಗಿಯುತ್ತದೆ, ಅಡಿಗೆಕೋಣೆಯಲ್ಲಿ ನಡುಗಿದ ಹೆಂಗಸಿಗೆ ಬರೆ. ಎಲ್ಲ ದೇಶದಲ್ಲೂ ಎಲ್ಲ ಕಾಲದಲ್ಲೂ ಒಬ್ಬ ದೊಡ್ಡಪ್ಪ ಇದ್ದ. ಎಲ್ಲರೂ ಒಳ್ಳೆಯದಕ್ಕೇ ಮಾಡಿದವರು. ತಮ್ಮ ಕಾಲಕ್ಕೆ ಗೊತ್ತಿದ್ದಷ್ಟನ್ನು ಮಾಡಿದವರು.

ನಾನು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ, ಶೈಲಾ. ಅದನ್ನು ಓದುತ್ತಾ ಓದುತ್ತಾ ಕಂಡುಕೊಂಡೆ. ಡಾಕ್ಟರು ಹೇಳಿದರೂ ದೊಡ್ಡಪ್ಪ ಭೂತ ಎಂದೇ ನಂಬಿದ್ದರು, ಮಾಡಿದರು. ನನಗೆ ಗೊತ್ತಿತ್ತು. ಅದು ಕಾಯಿಲೆ, ಅದಕ್ಕೆ ಮದ್ದು ಉಂಟು, ಮದ್ದು ನಿಂತರೆ ನಿನ್ನ ಗತಿ ಏನಾಗುತ್ತದೆ — ಎಲ್ಲ ಗೊತ್ತಿದ್ದು ಮಾಡಿದೆ. ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವರಿಗಿಂತ ಕೆಳಗೆ ನಿಂತು ಕ್ಷಮಿಸುವುದಿಲ್ಲ ಎನ್ನುತ್ತಿದ್ದೇನೆ.

ಇನ್ನೊಂದಿದೆ. ಇದನ್ನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಸಹ. ಅಮ್ಮನ ತಲೆಗೆ ಹೊಯ್ದ ನೀರನ್ನು ಬಾವಿಯಿಂದ ಸೇದಿ ಕೊಟ್ಟವನು ನಾನು. ಹನ್ನೆರಡು ದಿನವೂ. ಆಳು ಬಂದಿರಲಿಲ್ಲ, ನೀನು ಸೇದು ಎಂದರು, ಸೇದಿದೆ. ಅವಳು ಸಾಕು ಎಂದಾಗ ನನ್ನ ಕೈಯಲ್ಲಿ ಹಗ್ಗ ಇತ್ತು. ಆ ಕೈಯನ್ನು ನಾನು ಏನು ಮಾಡಬೇಕಿತ್ತೋ ಗೊತ್ತಿಲ್ಲ. ಮಾಡಿದ್ದು ಮಾತ್ರ ಇದು — ಪೂರ್ತಿ ಲೆಕ್ಕವನ್ನು ದೊಡ್ಡಪ್ಪನ ತಲೆಗೆ ಕಟ್ಟಿ, ಅವರಿಗೆ ಕೊಡಬೇಕೆಂದಿದ್ದ ಶಿಕ್ಷೆಯನ್ನು ನಿನಗೆ ಕೊಟ್ಟೆ.

ಕಳೆದ ವಾರ ಪುತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೀನು ಸಿಕ್ಕಿದೆ. ಕೈಯಲ್ಲಿ ಮದ್ದಂಗಡಿಯ ಚೀಲ. ಒಂದು ವಾರದ ಮಾತ್ರೆ ಮಾತ್ರ ತೆಗೆದುಕೊಂಡಿದ್ದೆ. ಯಾಕೆ ಎಂದು ನಾನು ಕೇಳದಿದ್ದರೂ ನೀನೇ ಹೇಳಿದೆ, ಸೋಮವಾರ ಸಂಕ್ರಮಣ, ಆಮೇಲೆ ಹೇಗೂ ತಗೊಳ್ಳುದಿಲ್ಲವಲ್ಲ ಎಂದು. ಈ ಸಲ ನಲವತ್ತೆಂಟೂ ದಿನ ಹಿಡಿದು ನಿಲ್ಲುತ್ತೇನೆ, ಅಷ್ಟು ಮಾಡಿದರೆ ದೈವ ಪೂರ್ತಿ ಬಿಟ್ಟುಬಿಡುತ್ತದೆ, ಪ್ರತಿ ಸಲ ನಡುವೆ ಸೋಲುವುದು ನನ್ನದೇ ತಪ್ಪು ಎಂದೆ. ದಿನಾ ಮಾತ್ರೆ ನುಂಗುವಾಗ ದೈವಕ್ಕೆ ತಪ್ಪುಕಾಣಿಕೆ ಹೇಳಿಕೊಂಡೇ ನುಂಗುತ್ತೀಯಂತೆ. ಬಸ್ಸು ಬಂತು, ನೀನು ಹತ್ತಿದೆ. ನಾನು ಅಲ್ಲೇ ನಿಂತೆ. ನಿನ್ನದೇ ತಪ್ಪಂತೆ.

ನಾಳೆ ಭಾನುವಾರ. ಬೆಳಗ್ಗಿನ ಬಸ್ಸಿಗೆ ಕೊಲ್ಲಮೊಗ್ರಿಗೆ ಬರುತ್ತೇನೆ. ನಿನ್ನ ಅಣ್ಣ, ಅತ್ತಿಗೆ, ನೆರೆಕರೆಯವರು ಯಾರಿದ್ದರೂ ಸರಿ, ಎಲ್ಲರ ಎದುರು ಇದನ್ನು ಓದುತ್ತೇನೆ. ಅಲ್ಲಿಂದ ಪುತ್ತೂರಿಗೆ ಹೋಗಿ ನಿನ್ನ ಡಾಕ್ಟರಿಗೂ ಹೇಳುತ್ತೇನೆ. ಕ್ಷಮೆ ಕೇಳಲು ಬರುವುದಲ್ಲ. ಅದನ್ನು ಕೇಳುವ ಮುಖ ನನಗಿಲ್ಲ, ನೀನು ಕೊಡಲೂ ಬೇಡ. ನಿನ್ನಲ್ಲಿ ಹಗೆ ಹುಟ್ಟಿದರೆ ಹುಟ್ಟಲಿ, ಅದು ನಿನ್ನ ಹಕ್ಕು. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಏನು ಮಾಡಬೇಕೋ ಮಾಡು, ಬಾಗಿಲು ಹಾಕಿದರೂ ಸರಿ.

ಆದರೆ ಸೋಮವಾರ ಬೆಳಗ್ಗೆ ಮಾತ್ರೆ ನುಂಗು. ಯಾರ ಹತ್ತಿರವೂ ತಪ್ಪಾಯಿತು ಎನ್ನದೆ ನುಂಗು.